ಫಿನ್ಲೆಯ ಶ್ರುತಿ

ಎವೆನ್‌ನ ಕರಿ ಕೋಟಿನ ಎಡಭುಜದ ಮೇಲೆ ಒಂದೆಳೆ ಉಣ್ಣೆ, ಬಿಳಿಯದು, ಕುರಿಯ ಮೈಯಿಂದ ನೇರ ಬಂದದ್ದು, ಭಾನುವಾರ ಬೆಳಿಗ್ಗೆಯೂ ಕುರಿಗಳ ಹತ್ತಿರ ಹೋಗಿಬಂದಿದ್ದಾನೆ ಸಭೆಯ ಹಿರಿಯ, ಮುಂದಿನ ಬೆಂಚೇ ತಾನೆ, ಕೈ ಚಾಚಿ ತೆಗೆದುಬಿಡಲೇ ಅನ್ನಿಸುತ್ತದೆ ಶೋನಾಗ್‌ಗೆ, ಫಿನ್ಲೆಯ ಕೋಟಿನಿಂದ ಹೀಗೆ ಎಷ್ಟು ಸಲ ತೆಗೆದಿಲ್ಲ, ಆದರೆ ಇದು ಇನ್ನೊಬ್ಬಳ ಗಂಡನ ಭುಜ, ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಊರವರ ಬಾಯಿಗೆ ಹೊಸ ತುತ್ತು ಕೊಡುವುದು ಬೇಡ — ಮತ್ತು ಇದು ಉಣ್ಣೆ ನೋಡುವ ಹೊತ್ತೂ ಅಲ್ಲ, ಪಾದ್ರಿ ಕೀರ್ತನೆಯ ಸಂಖ್ಯೆ ಹೇಳಿ, ಮೊದಲ ಸಾಲು ಓದಿ, ಪೀಠದಲ್ಲಿ ಕೂತಾಯಿತು, ಇಪ್ಪತ್ತೊಂದು ಜನ ಪುಸ್ತಕ ತೆರೆದು ಕೂತಾಯಿತು, ಪೀಠದ ಕೆಳಗಿನ ಕಟಕಟೆಯಲ್ಲಿ ಎಲ್ಲರಿಗೂ ಮುಖ ಮಾಡಿ ಕೂತ ರೂರಿ ಮಾತ್ರ ಇನ್ನೂ ಹಾಡು ಎತ್ತಿಲ್ಲ. ಎತ್ತು ಮಾರಾಯ. ಐದು ಉಸಿರು ಆಯಿತು, ಇದೇ ಕಟಕಟೆಯಲ್ಲಿ ಕೂರುತ್ತಿದ್ದ ಅವಳ ಅಪ್ಪ ಹೇಳುತ್ತಿದ್ದದ್ದು ಮೂರು, ಮೂರು ಉಸಿರು ಬಿಟ್ಟು ಬಾಯಿ ತೆರೆಯಬೇಕು, ನಾಲ್ಕನೆಯದಕ್ಕೆ ಜನ ಕೆಮ್ಮುತ್ತಾರೆ, ಐದನೆಯದಕ್ಕೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ, ಆರನೆಯದಕ್ಕೆ ಸೈತಾನ ಬಂದು ಕಟಕಟೆಯ ಅಂಚಿನ ಮೇಲೆ ಕೂರುತ್ತಾನೆ. ಬೇರೆ ಕಡೆಯಾದರೆ ಆರ್ಗನ್ ಇರುತ್ತದೆ, ಯಾರೋ ಬೆರಳಿಟ್ಟರೆ ಶ್ರುತಿ ತಾನಾಗಿ ಬರುತ್ತದೆ, ಈ ದ್ವೀಪದಲ್ಲಿ, ಈ ಸಭೆಯಲ್ಲಿ ಎಂದೂ ವಾದ್ಯ ಇಟ್ಟವರಿಲ್ಲ, ಎದ್ದು ನಿಂತು ಪ್ರಾರ್ಥಿಸಿ ಕೂತು ಹಾಡುವ ಜನ, ಯಾವ ಧಾಟಿ ಎನ್ನುವುದನ್ನು ಪಾದ್ರಿಯೂ ಹೇಳುವುದಿಲ್ಲ, ಅದು ಕಟಕಟೆಯಲ್ಲಿ ಕೂತವನ ಇಷ್ಟ, ಶ್ರುತಿಯೂ ಅವನ ಎದೆಯಿಂದಲೇ ಬರಬೇಕು, ಒಂದೊಂದು ಸಾಲನ್ನೂ ಅವನು ಒಬ್ಬನೇ ಮೊದಲು ಹೇಳಿಕೊಡಬೇಕು, ಜನ ಅದನ್ನು ಎತ್ತಿಕೊಂಡು ತಮ್ಮ ತಮ್ಮ ನಡಿಗೆಯಲ್ಲಿ ಹಿಂದೆ ಬರುತ್ತಾರೆ. ಇದೆಲ್ಲ ಅವನಿಗೆ ಗೊತ್ತು, ಇಡೀ ಚಳಿಗಾಲ ಹೇಳಿಕೊಟ್ಟಿದ್ದಾಳೆ. ಅವಳ ಬಾಯಲ್ಲಿ ಪೆಪ್ಪರ್‌ಮಿಂಟು, ಇದ್ದುದರಲ್ಲಿ ದೊಡ್ಡದು, ಗಂಟಲಿನಿಂದ ಏನೂ ಹೊರಡಬಾರದೆಂದು ಬೇಕೆಂದೇ ಹಾಕಿಕೊಂಡದ್ದು. ಇವತ್ತು ಶ್ರುತಿ ಕೊಡುವುದಿಲ್ಲ ಎಂದು ಅವನಿಗೆ ಮಾತು ಕೊಟ್ಟಿದ್ದಾಳೆ.

ಹೋದ ಭಾನುವಾರ ಇದೇ ಕಟಕಟೆ, ಇದೇ ಹೊತ್ತು, ರೂರಿಯ ಮೊದಲ ದಿನ, ಹೊಸ ಟೈ, ಹೆಂಡತಿ ಕತ್ತರಿಸಿದ ಕೂದಲು ಒಂದು ಕಿವಿಯ ಮೇಲೆ ಹೆಚ್ಚು ಒಂದು ಕಿವಿಯ ಮೇಲೆ ಕಡಿಮೆ, ಮೊದಲ ಸಾಲು ಚೆನ್ನಾಗಿಯೇ ಬಂತು, ಎರಡನೆಯದೂ ಬಂತು, ಆ ಧಾಟಿಯಲ್ಲಿ ಮೂರನೆಯ ಸಾಲೇ ಗುಡ್ಡ, ಅರ್ಧ ಏರಿದವನ ಗಂಟಲು ಅಲ್ಲಿ ಬಿರಿಯಿತು, ಕೋಳಿಮರಿ ಕೂಗಿದಂಥ ಒಂದು ಸದ್ದು, ಆಮೇಲೆ ಸದ್ದೇ ಇಲ್ಲ, ಬಾಯಿ ಮಾತ್ರ ತೆರೆದೇ ಇತ್ತು — ಆ ಮೂರನೆಯ ಸಾಲು, ಆ ಖಾಲಿ ಬಾಯಿ, ಏಳು ದಿನದಿಂದ ಅವಳಿಗೆ ಊಟ ಸೇರಿಲ್ಲ, ನಿನ್ನೆ ಸುಲಿದಿಟ್ಟ ಆಲೂಗಡ್ಡೆ ಮನೆಯಲ್ಲಿ ನೀರಿನಲ್ಲಿ ಕೂತಿದೆ, ಬೇಯಿಸಿದರೂ ಎರಡೇ ತುತ್ತು — ಜನ ಅಲ್ಲೊಬ್ಬರು ಇಲ್ಲೊಬ್ಬರು ಅರೆಸಾಲು ಹಾಡಿ ನಿಂತರು, ಪಾದ್ರಿ ಎದ್ದು ನಾವು ಪ್ರಾರ್ಥಿಸೋಣ ಅಂದರು. ಹೊರಗೆ ಬಾಗಿಲ ಬಳಿ ಗಾಳಿಯಲ್ಲಿ ನಿಂತು ರೂರಿ ಒಬ್ಬೊಬ್ಬರ ಕೈ ಹಿಡಿದು, ಕ್ಷಮಿಸಿ, ಶ್ರುತಿ ಜಾಸ್ತಿ ಹಿಡ್ಕೊಂಡ್ಬಿಟ್ಟೆ, ನನ್ನದೇ ತಪ್ಪು ಅಂದ, ನಲವತ್ತೆಂಟು ವರ್ಷದ ಗಂಡಸು, ಶಾಲೆಯ ಬಸ್ಸನ್ನು ಮಂಜಿನ ದಾರಿಯಲ್ಲಿ ಒಂದು ದಿನವೂ ಚರಂಡಿಗೆ ಇಳಿಸದವನು. ಸೋಮವಾರದ ಹೊತ್ತಿಗೆ ಅಂಗಡಿಯಲ್ಲಿ ಮಾತು ಶುರು, ಕೇಳಿದ್ಯಾ, ಬಸ್ ರೂರಿ ಏರಲ್ಲಿ ಗೇರ್ ಬದಲಾಯ್ಸೋದು ಮರೆತ್ನಂತೆ, ನಗು, ಹಾಲಿನ ಡಬ್ಬಿ ಹಿಡಿದುಕೊಂಡು ಅವಳೂ ಅಲ್ಲೇ ನಿಂತಿದ್ದಳು, ಕಳ್ಳನ ಮನಸ್ಸು ಹುಳ್ಳುಳ್ಳಗೆ. ಎವೆನ್ ಮಾತ್ರ ನಗಲಿಲ್ಲ, ಎವೆನ್ ನಗುವವನಲ್ಲ, ಕೆಟ್ಟವನೂ ಅಲ್ಲ, ಮಂಗಳವಾರ ಮನೆಗೆ ಬಂದು ಟೀ ಮುಗಿಸಿ ಟೋಪಿಯನ್ನು ಮಂಡಿಯ ಮೇಲೆ ತಿರುಗಿಸುತ್ತ, ನೋಡು ಶೋನಾಗ್, ಬೇಜಾರ್ ಮಾಡ್ಕೋಬೇಡ, ಪೇಟೆಯಿಂದ ಒಂದು ಸ್ಪೀಕರ್ ತರಿಸಿದೀವಿ, ಅದ್ರಲ್ಲಿ ನೂರು ಜನ ಹಾಡಿರೋದಿದೆ, ಇನ್ನೊಂದು ಭಾನುವಾರ ನೋಡ್ತೀವಿ, ರೂರಿ ಕೈಲಿ ಆಗ್ಲಿಲ್ಲ ಅಂದ್ರೆ ಗುಂಡಿ ಒತ್ತೋದು, ಅಷ್ಟೆ. ನೂರು ಜನ ಇದ್ಮೇಲೆ ನಾವ್ಯಾಕೆ ಹಾಡ್ಬೇಕು ಹಾಗಾದ್ರೆ? ಅವರ ಜೊತೆ ಹಾಡೋದಪ್ಪ. ಜೊತೆಗಾ? ತೊಂಬತ್ತೊಂದು ವರ್ಷದ ಮರ್ಸಾಲಿ ಸಾಲಿನ ನಡುವೆ ಎರಡು ಸಲ ಉಸಿರು ತಗೋತಾಳೆ, ಕಾಯ್ತಾರಾ ನಿನ್ನ ನೂರು ಜನ? ಎವೆನ್ ಟೋಪಿ ನೋಡಿಕೊಂಡ. ಇನ್ನೇನ್ ಮಾಡ್ಲಿ ಹೇಳು, ಫಿನ್ಲೆ ಹೋದ್ಮೇಲೆ ಆರು ತಿಂಗಳಿಂದ ಕೀರ್ತನೆ ಓದ್ತಿದೀವಿ, ಹಾಡ್ತಿಲ್ಲ, ಓದೋದು ಹಾಡೋದು ಒಂದೇನಾ? ಒಂದಲ್ಲ, ಅದನ್ನು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು. ಈಗ ಆ ಸ್ಪೀಕರ್ ಪೀಠದ ಮೆಟ್ಟಿಲ ಪಕ್ಕ ಕರ್ರಗೆ ಕೂತಿದೆ, ರಿಮೋಟ್ ಎವೆನ್‌ನ ಜೇಬಿನಲ್ಲಿದೆ, ರೂರಿ ಇವತ್ತು ಎತ್ತದಿದ್ದರೆ ಇನ್ನೆಂದೂ ಆ ಕಟಕಟೆಗೆ ಬರುವವನಲ್ಲ, ಅವನ ಹಿಂದೆ ಇನ್ನೊಬ್ಬನಿಲ್ಲ.

ತಪ್ಪು ಅವನದಲ್ಲ, ಶ್ರುತಿ ಕೊಟ್ಟವಳು ಅವಳು, ಊರಿನಲ್ಲಿ ಇದು ಇಬ್ಬರಿಗೇ ಗೊತ್ತು. ಹೆಂಗಸರು ಹಾಡು ಎತ್ತುವ ಹಾಗಿಲ್ಲ, ಅವಳಿಗೆ ಅದರ ಬಗ್ಗೆ ಜಗಳವೂ ಇರಲಿಲ್ಲ, ಆದರೆ ಅಪ್ಪ ಅಡುಗೆಮನೆಯಲ್ಲಿ ಐದು ಜನ ಗಂಡಸರನ್ನು ಕೂರಿಸಿಕೊಂಡು ಧಾಟಿ ಕಲಿಸುವಾಗ ತಟ್ಟೆ ತೊಳೆಯುತ್ತಿದ್ದವಳು ಅವಳೇ ಅಲ್ಲವೇ, ಮೂವತ್ತು ಧಾಟಿಗಳೂ ಸೋಪಿನ ನೀರಿನ ಜೊತೆ ಮೈಗೆ ಇಳಿದಿದ್ದವು, ಐವರಲ್ಲಿ ಕಿವಿ ತೀರಾ ಕೆಟ್ಟದ್ದು ಫಿನ್ಲೆಯದು, ನೇಯ್ಗೆಯವನು, ಮಗ್ಗದ ಸದ್ದಿನಲ್ಲಿ ಕಿವಿ ಸತ್ತಿದೆ ಎಂದು ಅಪ್ಪ ಬೈಯುತ್ತಿದ್ದರು, ಆದರೆ ಗಂಟಲು — ಆ ಗಂಟಲು ಎತ್ತರಕ್ಕೆ ಹೋದಷ್ಟೂ ತಿಳಿಯಾಗುತ್ತಿತ್ತು, ಬಾಗಿಲು ಹಾಕಿದ್ದರೂ ದೋಣಿಯವರೆಗೆ ಕೇಳುತ್ತಿತ್ತು. ಗಾಳಿಯಿಂದ ಶ್ರುತಿ ಹಿಡಿಯುವುದು ಅವನಿಗೆ ಬರಲಿಲ್ಲ, ಯಾರಾದರೂ ಕೊಟ್ಟರೆ ಸಾಯುವವರೆಗೆ ಬಿಡುತ್ತಿರಲಿಲ್ಲ. ಅಪ್ಪ ತೀರಿಹೋದ ಮೇಲಿನ ಮೊದಲ ಭಾನುವಾರ ಅವನು ಕಟಕಟೆಯಲ್ಲಿ ಕೂತು, ಬೆವರಿ, ಅವಳನ್ನು ನೋಡಿದ, ಅವಳು ಗಂಟಲು ಸರಿಮಾಡಿಕೊಂಡಳು, ಹ್ಮ್, ಅಷ್ಟೆ, ಆ ಹ್ಮ್‌ನಲ್ಲಿ ಶ್ರುತಿ ಇತ್ತು, ಅವನು ಅದನ್ನು ಹಿಡಿದು ಹಾಡು ಎತ್ತಿದ. ಮೂವತ್ತೊಂದು ವರ್ಷ. ಫಿನ್ಲೆ ಹೆಂಡ್ತೀಗೆ ಭಾನುವಾರ ಬಂದ್ರೆ ಗಂಟಲು ಕೆರೆತ, ಪಾಪ, ಎಂದು ಬೆಂಚಿನವರೆಲ್ಲ ಅವಳಿಗೆ ಪೆಪ್ಪರ್‌ಮಿಂಟು ದಾಟಿಸುತ್ತಿದ್ದರು, ಮನೆಗೆ ಬಂದು ಇಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದರು, ನಿನ್ನ ಸಾರಿಗಲ್ಲ ಕಣೇ ನಾನು ಮದುವೆ ಆದದ್ದು, ಆ ಒಂದು ಹ್ಮ್‌ಗೆ. ಒಮ್ಮೆ ಅವಳು ಜ್ವರ ಬಂದು ಮಲಗಿದ್ದಾಗ ಅರ್ಧ ದಾರಿಗೆ ಹೋದವನು ವಾಪಸು ಬಂದುಬಿಟ್ಟ, ನನಗೂ ಮೈ ಬಿಸಿ ಅಂತ ಹೇಳ್ಕಳಿಸಿದೀನಿ ಎಂದು ಬೂಟು ಕಳಚಿ ಒಲೆಯ ಮುಂದೆ ಕೂತ, ಅದಕ್ಕೂ ನಕ್ಕರು, ಆಗ ಅದು ನಗುವ ವಿಷಯವೆಂದೇ ಅವಳು ತಿಳಿದಿದ್ದಳು. ಹೋದ ಭಾನುವಾರ ರೂರಿ ಉಸಿರು ಎಳೆದುಕೊಂಡದ್ದು ಕಂಡಿತು, ಅವಳ ಗಂಟಲು ಅವಳನ್ನು ಕೇಳದೆ ಹ್ಮ್ ಅಂದಿತು, ರೂರಿ ಶಿಷ್ಯನಲ್ಲವೇ, ತಾನು ಹಿಡಿದಿದ್ದನ್ನು ಬಿಟ್ಟು ಗುರುವಿನದನ್ನು ಹಿಡಿದ, ಅವಳು ಕಣ್ಣು ಮುಚ್ಚಿಕೊಂಡು ಹಾಡಿದಳು, ಎಷ್ಟು ಹಿತವಾಗಿತ್ತು ಆ ಎರಡು ಸಾಲು, ಆರು ತಿಂಗಳಲ್ಲಿ ಮೊದಲ ಸಲ ಎಲ್ಲವೂ ಅದರದರ ಜಾಗದಲ್ಲಿತ್ತು. ಸೋಮವಾರ ಸ್ನಾನದ ಕೋಣೆಯಲ್ಲಿ ಅದೇ ಧಾಟಿಯನ್ನು ರೂರಿಯ ಗಂಟಲಿಗೆ ಎಲ್ಲಿಂದ ಎತ್ತಬೇಕಿತ್ತು ಎಂದು ಹುಡುಕಿದಾಗ ಅದು ಸ್ವರದಲ್ಲಿ ಮೂರು ಮೆಟ್ಟಿಲು ಕೆಳಗೆ ಸಿಕ್ಕಿತು. ಕೊಟ್ಟದ್ದು ಫಿನ್ಲೆಯ ಶ್ರುತಿ. ಮಣ್ಣಿನಲ್ಲಿರುವವನಿಗೆ ಕೊಟ್ಟದ್ದನ್ನು ಬದುಕಿರುವವನು ಹಿಡಿದು ಬಿದ್ದ.

ಗುರುವಾರ ಬಸ್ಸಿನಲ್ಲಿ ಹೇಳಿದಳು. ಪಾಠವೆಲ್ಲ ನಡೆದದ್ದು ಅಲ್ಲೇ, ಶಾಲೆಯ ಗೇಟಿನೆದುರು ರಸ್ತೆ ಮುಗಿದು ಬಸ್ಸು ತಿರುಗಿಸುವ ಜಾಗದಲ್ಲಿ, ಮಧ್ಯಾಹ್ನ ಮೂರೂವರೆಗೆ ಶಾಲೆ ಬಿಡುವವರೆಗೆ, ಅವನ ಮನೆಯಲ್ಲಿ ಹೆಂಡತಿ ನಗುತ್ತಾಳೆ, ನಾಯಿ ಜೊತೆಗೆ ಹಾಡುತ್ತದೆ, ಹಾಗಾಗಿ ಅವನು ಸ್ಟಿಯರಿಂಗಿನ ಮುಂದೆ, ಅವಳು ಹಿಂದಿನ ಸೀಟಿನಲ್ಲಿ, ಮೇಲಿನ ಕನ್ನಡಿಯಲ್ಲಿ ಅವನ ಹುಬ್ಬು, ಹೊರಗೆ ಮಳೆ, ಒಳಗೆ ಗಾಜೆಲ್ಲ ಅವರ ಉಸಿರಿಗೆ ಮಸುಕು. ರೂರಿ, ಆವತ್ತು ಶ್ರುತಿ ನಿಂದಲ್ಲ, ನನ್ನದು, ಮೂರು ಮೆಟ್ಟಿಲು ಮೇಲೆ ಕೊಟ್ಬಿಟ್ಟೆ. ಕನ್ನಡಿಯಲ್ಲಿ ಹುಬ್ಬು ಅಲ್ಲಾಡಲಿಲ್ಲ. ನಂಗೊತ್ತು. ಗೊತ್ತಾ? ಎರಡನೇ ಸಾಲಲ್ಲೇ ಗೊತ್ತಾಯ್ತು, ಇದು ಫಿನ್ಲೆಯವರ ಜಾಗ, ನಂಗೆ ಮುಂದೆ ಹಾದಿ ಇಲ್ಲ ಅಂತ. ಮತ್ತೆ ನಿಲ್ಲಿಸ್ಬೇಕಿತ್ತು ಕತ್ತೆ, ನಿಲ್ಸಿ ಕೆಳಗಿಂದ ಎತ್ತಿದ್ರೆ ಯಾರು ಗಲ್ಲಿಗೆ ಹಾಕ್ತಿದ್ರು, ನಮ್ಮಪ್ಪನೇ ಎಷ್ಟು ಸಲ ನಿಲ್ಸಿದಾರೆ. ಅವನು ಸ್ಟಿಯರಿಂಗಿನ ಮೇಲೆ ಬೆರಳು ಬಡಿಯುತ್ತ ಕೂತ, ಹೆಂಗ್ ನಿಲ್ಲಿಸ್ಲಿ ಹೇಳಿ, ನೀವು ಕಣ್ಣು ಮುಚ್ಕೊಂಡು ಹಾಡ್ತಿದ್ರಿ, ಅವರು ಹೋದ್ಮೇಲೆ ನಿಮ್ಮ ಮುಖ ಹಾಗಿದ್ದದ್ದು ನಾನು ನೋಡೇ ಇರ್ಲಿಲ್ಲ. ಅವಳು ಕಿಟಕಿಯ ಮಸುಕನ್ನು ಕೈಗವಸಿನಿಂದ ಒರೆಸಿದಳು, ಒರೆಸಿದಷ್ಟೂ ಮಸುಕು, ಅಳು ಬಂದಿತ್ತು, ಸಿಟ್ಟೂ ಬಂದಿತ್ತು, ಒಬ್ಬ ಮನುಷ್ಯ ಅವಳ ಮುಖಕ್ಕೋಸ್ಕರ ಇಪ್ಪತ್ತು ಜನರ ಮುಂದೆ ಮಾನ ಕಳೆದುಕೊಂಡು, ಬಾಗಿಲಲ್ಲಿ ನಿಂತು ಕ್ಷಮೆಯನ್ನೂ ಕೇಳಿದನಲ್ಲ. ಈ ಭಾನುವಾರ ಸರಿಯಾಗಿ ಕೊಡ್ತೀನಿ, ನಿನ್ನ ಜಾಗ ನಂಗೀಗ ಗೊತ್ತು. ಬೇಡ. ಬೇಡ ಅಂದ್ರೆ? ಕೊಡ್ಬೇಡಿ, ಏನೂ ಕೊಡ್ಬೇಡಿ, ಬಿದ್ರೆ ನಾನೇ ಬೀಳ್ತೀನಿ, ನನ್ನ ಕಾಲ ಮೇಲೆ ಬೀಳ್ತೀನಿ. ಹಟ ಮಾಡ್ಬೇಡ ರೂರಿ, ಎವೆನ್ ಜೇಬಲ್ಲಿ ಆ ಗುಂಡಿ ಇಟ್ಕೊಂಡು ಕೂತಿದಾನೆ. ಇಟ್ಕೊಳ್ಲಿ, ನೀವು ಮಾತು ಕೊಡಿ. ಶಾಲೆಯ ಮಕ್ಕಳು ಗೇಟಿನಿಂದ ಓಡಿಬರುತ್ತಿದ್ದವು, ಅವನು ಬಾಗಿಲು ತೆರೆಯುವ ಗುಂಡಿಯ ಮೇಲೆ ಕೈ ಇಟ್ಟು ಕಾಯುತ್ತಿದ್ದ, ಮಾತು ಕೊಡದೆ ತೆರೆಯುವ ಹಾಗೆ ಕಾಣಲಿಲ್ಲ, ಆಯ್ತಪ್ಪ ಆಯ್ತು, ಕೊಟ್ಟೆ ಅಂದಳು.

ಏಳು ಉಸಿರು. ಎಂಟು. ಯಾರೋ ಕೆಮ್ಮಿದರು, ಪುಸ್ತಕವೊಂದು ಮುಚ್ಚಿದ ಸದ್ದು, ಹಿಂದಿನ ಬೆಂಚುಗಳಲ್ಲಿ, ಕೊಲ್ಲಿಯ ಆಚೆಯವರು ಕೂರುವ ಕಡೆ — ಅವರ ಸಭೆ ಮುಚ್ಚಿ ಅವರೆಲ್ಲ ಇಲ್ಲಿಗೆ ಬಂದು ಮೂವತ್ತು ವರ್ಷವಾದರೂ ಅವರು ಹಿಂದೆಯೇ ಕೂರುತ್ತಾರೆ — ಪಾದ್ರಿ ಪೀಠದ ಅಂಚಿನಿಂದ ಕೆಳಗೆ ಬಗ್ಗಿ ನೋಡುತ್ತಿದ್ದಾರೆ, ಅವರಿಗೆ ಕಾಣುವುದು ರೂರಿಯ ನೆತ್ತಿ ಮಾತ್ರ, ಮುಖ ಕಾಣುತ್ತಿರುವುದು ಅವಳಿಗೆ, ಬಣ್ಣ ಹೋದ ಮುಖ, ಮೇಲ್ತುಟಿಯ ಮೇಲೆ ಬೆವರು, ಕಣ್ಣು ಅವಳ ಮೇಲಿದೆಯೋ ಅವಳ ತಲೆಯ ಮೇಲಿನ ಗಡಿಯಾರದ ಮೇಲಿದೆಯೋ, ಅವಳ ಮೇಲೇ ಇರಬೇಕು, ಫಿನ್ಲೆ ಹೀಗೇ ನೋಡುತ್ತಿದ್ದ, ಕೊಡಬೇಡಿ ಅಂದವನೇ ಈಗ ಕೇಳುತ್ತಿದ್ದಾನೆಯೇ? ಒಂದು ಹ್ಮ್. ಸರಿಯಾದ ಶ್ರುತಿ ಗಂಟಲಲ್ಲೇ ಇದೆ, ರೂರಿಯದೇ, ಮೂರು ಮೆಟ್ಟಿಲು ಕೆಳಗಿನದು, ನಿನ್ನೆಯಿಂದ ಅಲ್ಲಿ ಸಿದ್ಧವಾಗಿ ಕೂತಿದೆ, ಕೊಟ್ಟರೆ ಯಾರಿಗೆ ನಷ್ಟ, ಹಾಡು ಉಳಿಯುತ್ತದೆ, ಅವನು ಉಳಿಯುತ್ತಾನೆ, ಮಾತು ಮುರಿದರೆ ಮುರಿಯಿತು, ದೇವರು ಇಷ್ಟು ಸಣ್ಣ ಲೆಕ್ಕ ಇಡುವುದಿಲ್ಲ — ಇಡುತ್ತಾನೆಯೇ? ಮೂವತ್ತೊಂದು ವರ್ಷದಲ್ಲಿ ಫಿನ್ಲೆಗೆ ಒಂದು ಸಲ, ಒಂದೇ ಒಂದು ಸಲ, ನೀನೇ ಹುಡುಕಿಕೊ ಎಂದು ಬಿಟ್ಟಿದ್ದಳೇ ಅವಳು? ಹುಡುಕುತ್ತಿದ್ದನೇನೋ. ಬಿದ್ದು ಎದ್ದು, ಎರಡು ಭಾನುವಾರ ಅವಮಾನಪಟ್ಟು, ಮೂರನೆಯದಕ್ಕೆ ಸಿಗುತ್ತಿತ್ತೇನೋ, ಆಸ್ಪತ್ರೆಯಲ್ಲಿ ಕೊನೆಯ ವಾರ ಪಕ್ಕದ ಹಾಸಿಗೆಯವನು ಒಂದು ಕೀರ್ತನೆ ಹಾಡಪ್ಪ ಎಂದು ಕೇಳಿದಾಗ ಫಿನ್ಲೆ ಗೋಡೆಯ ಕಡೆ ತಿರುಗಿ, ನಮ್ಮನೆಯವಳು ನಾಲ್ಕು ಗಂಟೆಗೆ ಬರ್ತಾಳೆ, ಆಮೇಲೆ ಅಂದನಂತೆ. ಆಮೇಲೆ ಅಂದನಂತೆ. ಅವಳು ಬರುವ ಹೊತ್ತಿಗೆ ಪಕ್ಕದವನ ಹಾಸಿಗೆ ಖಾಲಿಯಾಗಿತ್ತು. ಊರುಗೋಲು ಕೊಟ್ಟೆ ಕೊಟ್ಟೆ ಎಂದು ಮೆರೆದೆಯಲ್ಲ ಶೋನಾಗ್, ಕಾಲು ಬಾರದಂತೆ ಮಾಡಿದವಳೂ ನೀನೇ ಅಲ್ಲವೇ. ಬಾಯಿ ಮುಚ್ಚಿಕೊಂಡಿರು. ಪೆಪ್ಪರ್‌ಮಿಂಟು ಕಚ್ಚಿಕೊಂಡಿರು. ಎವೆನ್‌ನ ಭುಜ ಅಲುಗಿತು, ಉಣ್ಣೆಯೆಳೆ ನಡುಗಿತು, ಕೈ ಜೇಬಿಗೆ ಹೋಗುತ್ತಿದೆ, ನಿಧಾನ, ನಾಚಿಕೆಯಿಂದ, ಅವನಿಗೂ ಇದು ಬೇಕಿಲ್ಲ, ಕರಿ ರಿಮೋಟಿನ ಅಂಚು ಕಾಣುತ್ತಿದೆ, ನೂರು ಜನ ಬಾಯಿ ತೆರೆಯಲು ಕಾದಿದ್ದಾರೆ, ಯಾರಿಗೂ ಕಾಯದ ನೂರು ಜನ, ಬೇಡ, ಅದೊಂದು ಬೇಡ — ಅವಳು ಪೆಪ್ಪರ್‌ಮಿಂಟನ್ನು ಕೆನ್ನೆಗೆ ದೂಡಿದಳು, ಮಾತು ಮುರಿದಳು, ಹ್ಮ್.

ಅದೇ ಗಳಿಗೆಗೆ ರೂರಿ ಬಾಯಿ ತೆರೆದ, ಮತ್ತು ಅವಳ ಹ್ಮ್ ಅವನ ಹತ್ತಿರಕ್ಕೂ ಹೋಗಲಿಲ್ಲ, ಅವನು ಅಲ್ಲಿರಲಿಲ್ಲ, ಎಷ್ಟೋ ಕೆಳಗೆ, ಹೊಟ್ಟೆಯಿಂದ, ಬಸ್ಸು ಚಳಿಯಲ್ಲಿ ಹೊರಡುವಾಗಿನ ಆ ಗುರುಗುರು ಜಾಗದಿಂದ ಎದ್ದು ಬರುತ್ತಿದ್ದ, ಶ್ರುತಿ ಇರಲಿ, ಧಾಟಿಯೇ ಅದಲ್ಲ, ಇಡೀ ಚಳಿಗಾಲ ಕಲಿಸಿದ್ದು ಇದಲ್ಲ, ತಪ್ಪಿದ, ಅಯ್ಯೋ ತಪ್ಪಿದ ಅಂದುಕೊಳ್ಳುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಒಂದು ಮುದಿ ಧ್ವನಿ ಅವನ ಜೊತೆ ಸೇರಿತು, ಮರ್ಸಾಲಿ, ಆಮೇಲೆ ಅವಳ ಪಕ್ಕದವರು, ಆಮೇಲೆ ಹಿಂದಿನ ಮೂರೂ ಬೆಂಚು. ಕೊಲ್ಲಿಯ ಆಚೆಯವರ ಧಾಟಿ. ಒಂದೇ ಸಲ ಕೇಳಿದ್ದಾಳೆ ಅವಳು ಅದನ್ನು, ಯಾರದೋ ಮಣ್ಣಿನ ದಿನ, ದೂರದಿಂದ, ಅಪ್ಪ ಮೂಗು ಮುರಿದಿದ್ದರು, ಅದು ಅವರದು, ನಮ್ಮದಲ್ಲ. ಮತ್ತೆ ಅವರೆಲ್ಲ ಇಲ್ಲಿಗೆ ಬಂದ ಮೊದಲ ವರ್ಷ ಮರ್ಸಾಲಿ ಬಾಗಿಲ ಬಳಿ ಫಿನ್ಲೆಯ ತೋಳು ಹಿಡಿದು, ನಮ್ಮದೂ ಒಂದು ಎತ್ತಪ್ಪ ಯಾವತ್ತಾದ್ರೂ, ನಾವೂ ಮನುಷ್ಯರೇ ಅಂದಿದ್ದಳು ನಗುತ್ತ, ಫಿನ್ಲೆ ಹೆಂಡತಿಯ ಮುಖ ನೋಡಿದ, ಆ ಧಾಟಿಗೆ ಕೊಡಲು ಅವಳ ಹತ್ತಿರ ಹ್ಮ್ ಇರಲಿಲ್ಲ, ತಲೆ ಅಲ್ಲಾಡಿಸಿದಳು, ಇಷ್ಟೇ ಇಷ್ಟು, ಯಾರಿಗೂ ಕಾಣದಂತೆ — ಮರೆತೇಹೋಗಿತ್ತು, ಇಲ್ಲ, ಮರೆತಿರಲಿಲ್ಲ — ಮರ್ಸಾಲಿ ಮತ್ತೆ ಕೇಳಲಿಲ್ಲ, ಆ ಮೂರು ಬೆಂಚು ಅಂದಿನಿಂದ ತುಟಿ ಆಡಿಸಿಕೊಂಡು ಕೂತಿತ್ತು, ಅವರಿಗೆ ಗಂಟಲಿಲ್ಲ, ಆ ಕಡೆಯವರೇ ಹಾಗೆ ಎಂದು ಈ ಕಡೆಯವರು ಹೇಳುತ್ತಿದ್ದರು. ಈಗ ಕೇಳಿ ಅವರಿಗೆ ಗಂಟಲಿದೆಯೋ ಇಲ್ಲವೋ. ಶುಕ್ರವಾರ ಬೆಳಿಗ್ಗೆ ಮರ್ಸಾಲಿ ಪೇಟೆಗೆ ಹೋಗುವುದು ರೂರಿಯ ಬಸ್ಸಿನಲ್ಲೇ ಅಲ್ಲವೇ, ಮುಂದಿನ ಸೀಟು, ಒಂದೂಕಾಲು ಗಂಟೆ ದಾರಿ, ಗುರುವಾರ ಇವಳಿಂದ ಪಾಠ, ಶುಕ್ರವಾರ ಅವಳಿಂದ, ಇಡೀ ಚಳಿಗಾಲ ಕಳ್ಳ ಬಾಯಿ ಬಿಟ್ಟಿರಲಿಲ್ಲ, ಹೊಟ್ಟೆಕಿಚ್ಚು ಆಗುತ್ತದೆ, ಆಗಲಿ, ಆಗಬೇಕಾದ್ದೇ. ಎವೆನ್‌ನ ಕೈ ಜೇಬಿನಿಂದ ಖಾಲಿಯಾಗಿ ಹೊರಬಂದು ಪುಸ್ತಕ ಹಿಡಿದುಕೊಂಡಿತು. ಎರಡನೆಯ ಸಾಲನ್ನು ರೂರಿ ಒಬ್ಬನೇ ಹೇಳಿಕೊಟ್ಟ, ಹಿಂದಿನವರು ಎತ್ತಿಕೊಂಡರು, ಮುಂದಿನವರು ತಡವರಿಸುತ್ತ ಅವರ ಹಿಂದೆ, ಅವಳೂ ಹಿಂದೆ, ಎಲ್ಲರಿಗಿಂತ ಅರ್ಧ ಹೆಜ್ಜೆ ಹಿಂದೆ, ಎಲ್ಲಿ ಇಳಿಯುತ್ತದೆ ಎ‍ಲ್ಲಿ ತಿರುಗುತ್ತದೆ ಒಂದೂ ತಿಳಿಯದೆ, ಮರ್ಸಾಲಿ ನಡುವೆ ಉಸಿರು ತೆಗೆದುಕೊಂಡಳು, ರೂರಿ ಕಾದ, ಇನ್ನೊಂದು ಸಲ ತೆಗೆದುಕೊಂಡಳು, ಕಾದ, ಸಾಲು ಮುಗಿಯಿತು, ಮೌನ, ಇನ್ನು ಮೂರನೆಯ ಸಾಲು, ಅದು ಏರುತ್ತದೆಯೋ ಇಳಿಯುತ್ತದೆಯೋ ಮೂವತ್ತು ಧಾಟಿ ಬಲ್ಲ ಶೋನಾಗ್‌ಗೆ ಗೊತ್ತಿಲ್ಲ, ಗಂಟಲಲ್ಲಿ ಕೊಡಲು ಏನೂ ಇಲ್ಲ, ಅವಳು ರೂರಿಯ ಬಾಯನ್ನೇ ನೋಡುತ್ತ ಕೂತಿದ್ದಾಳೆ, ಅದು ತೆರೆಯುತ್ತಿದೆ.